ಉಯಿಲಿನ ಹೊಣೆ ಹೊತ್ತ ವರ್ತಕರು ಮತ್ತು ಅತೃಪ್ತ ಫಲಾನುಭವಿಗಳು

ಹಲವು ದಶಕಗಳ ಕಾಲ ಪ್ರಾಮಾಣಿಕವಾಗಿ ವ್ಯವಹರಿಸಿದ ವರ್ತಕರಿಗೆ ಒಂದು ದಿನ ಅನಿರೀಕ್ಷಿತ ಗೌರವವೊಂದು ಒದಗಿಬರುವುದುಂಟು. ತೀರಿಕೊಂಡ ಸ್ನೇಹಿತರೋ ಪಾಲುದಾರರೋ ತಮ್ಮ ಉಯಿಲಿನಲ್ಲಿ ಅವರನ್ನು ನಿರ್ವಾಹಕರನ್ನಾಗಿ, ಅಂದರೆ ಎಕ್ಸಿಕ್ಯೂಟರ್ ಆಗಿ, ನೇಮಿಸಿರುತ್ತಾರೆ. ಗೆಳೆಯನ ಕೊನೆಯ ಮಾತೆಂದು ಅವರು ಸಂತೋಷದಿಂದಲೇ ಒಪ್ಪಿಕೊಳ್ಳುತ್ತಾರೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಅದೇ ಗೆಳೆಯನ ಮಕ್ಕಳು ಎದುರು ಸಿಕ್ಕರೂ ಮುಖ ತಿರುಗಿಸುತ್ತಾರೆ. ‘ಅಪ್ಪನ ಹಣ ಇವರ ಕೈಯಲ್ಲಿ ಏಕಿರಬೇಕು?’ ಎಂಬ ಮಾತು ಪೇಟೆಯಲ್ಲಿ ಹರಡುತ್ತದೆ. ಕೆಲವೊಮ್ಮೆ ವಕೀಲರ ನೋಟಿಸೂ ಬರುತ್ತದೆ. ಹೊಳೆ ದಾಟಿಸಿದ ಅಂಬಿಗನನ್ನು ದಡ ಸೇರಿದವರು ಮರೆಯುವುದು ಹೊಸತೇನಲ್ಲ. ಇಲ್ಲಿ ವಿಶೇಷವೆಂದರೆ, ಹೊಳೆಯ ನಡುವೆ ಇರುವಾಗಲೇ ಅಂಬಿಗನ ಮೇಲೆ ಸಂಶಯ ಹುಟ್ಟುತ್ತದೆ.

ಇಂತಹ ಸಂದರ್ಭದಲ್ಲಿ ನಿರ್ವಾಹಕರನ್ನು ಕಾಯುವುದು ಸ್ನೇಹವೂ ಅಲ್ಲ, ಸಿಟ್ಟೂ ಅಲ್ಲ. ಕಾನೂನಿನ ಅರಿವು ಮತ್ತು ಅಚ್ಚುಕಟ್ಟಾದ ಲೆಕ್ಕ.

ನಿರ್ವಾಹಕರ ಸ್ಥಾನ

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 211ನೇ ಪ್ರಕರಣದಂತೆ ನಿರ್ವಾಹಕರು ಮೃತರ ಕಾನೂನುಬದ್ಧ ಪ್ರತಿನಿಧಿ. ಮೃತರ ಸ್ವತ್ತು ಆ ಪ್ರತಿನಿಧಿತ್ವದ ನೆಲೆಯಲ್ಲಿ ಅವರಲ್ಲಿ ನಿಹಿತವಾಗುತ್ತದೆ. ಆದುದರಿಂದ ಅವರು ಫಲಾನುಭವಿಗಳ ನೌಕರರಲ್ಲ, ಅವರ ಆಜ್ಞೆಯಂತೆ ನಡೆಯಬೇಕಾದವರೂ ಅಲ್ಲ. ಅದೇ ವೇಳೆ ಆ ಸ್ವತ್ತು ಅವರ ಸ್ವಂತದ್ದೂ ಅಲ್ಲ. ಉಯಿಲಿನ ಅಕ್ಷರಕ್ಕೆ ಮತ್ತು ಕಾನೂನು ಹೇಳಿದ ಕ್ರಮಕ್ಕೆ ಅವರು ಬದ್ಧರು. ಈ ಎರಡು ಮಾತುಗಳನ್ನು ಮೊದಲ ಸಭೆಯಲ್ಲೇ ಕುಟುಂಬದವರಿಗೆ ಸ್ಪಷ್ಟಪಡಿಸಿದರೆ ಮುಂದಿನ ಅರ್ಧದಷ್ಟು ಮನಸ್ತಾಪ ತಪ್ಪುತ್ತದೆ.

ಮನಸ್ತಾಪದ ಮೂಲ

ಫಲಾನುಭವಿಗಳ ಅಸಮಾಧಾನವೆಲ್ಲ ದುರಾಶೆಯಿಂದ ಹುಟ್ಟಿದ್ದಲ್ಲ. ಅವರು ನೋಡುವುದು ಒಟ್ಟು ಆಸ್ತಿಯನ್ನು. ನಿರ್ವಾಹಕರು ನೋಡಬೇಕಾದದ್ದು ಸಾಲ ಕಳೆದುಳಿದ ನಿವ್ವಳ ಆಸ್ತಿಯನ್ನು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ತಿಳಿಯುತ್ತದೆ.

ದಲಾಲಿ ಅಂಗಡಿಯ ಮಾಲೀಕರೊಬ್ಬರು ತಮ್ಮ ಮನೆಯನ್ನು ಹೆಂಡತಿಗೆ, 15 ಲಕ್ಷ ರೂಪಾಯಿಯನ್ನು ಮಗಳಿಗೆ, ಉಳಿದುದೆಲ್ಲವನ್ನೂ ಇಬ್ಬರು ಗಂಡುಮಕ್ಕಳಿಗೆ ಸಮನಾಗಿ ಬರೆದಿಟ್ಟು ತೀರಿಕೊಂಡರೆಂದು ಭಾವಿಸಬಹುದು. ಬ್ಯಾಂಕಿನಲ್ಲಿ 12 ಲಕ್ಷ, ದಾಸ್ತಾನು 20 ಲಕ್ಷ, ಬರಬೇಕಾದ ಬಾಕಿ 30 ಲಕ್ಷ. ಒಟ್ಟು 62 ಲಕ್ಷವೆಂದು ಪುಸ್ತಕ ಹೇಳುತ್ತದೆ. ಮಗಳ 15 ಲಕ್ಷ ಕಳೆದರೆ 47 ಲಕ್ಷ, ತಲಾ 23.5 ಲಕ್ಷವೆಂದು ಗಂಡುಮಕ್ಕಳು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ.

ನಿರ್ವಾಹಕರ ಲೆಕ್ಕ ಬೇರೆ. ಮೂವತ್ತು ಲಕ್ಷದ ಬಾಕಿಯಲ್ಲಿ ವಸೂಲಾದದ್ದು 22 ಲಕ್ಷ ಮಾತ್ರ. ಹೀಗೆ ಕೈಗೆ ಬಂದದ್ದು 54 ಲಕ್ಷ. ಆಸ್ಪತ್ರೆ ಮತ್ತು ಉತ್ತರಕ್ರಿಯೆಯ ವೆಚ್ಚ 3 ಲಕ್ಷ, ನ್ಯಾಯಾಲಯ, ಲೆಕ್ಕ ಪರಿಶೋಧನೆ ಹಾಗೂ ತೆರಿಗೆಯ ಬಾಬ್ತು 2 ಲಕ್ಷ, ಹಮಾಲರ ಮತ್ತು ಗುಮಾಸ್ತರ ಸಂಬಳ 1 ಲಕ್ಷ, ಬ್ಯಾಂಕ್ ಸಾಲ 24 ಲಕ್ಷ, ಮಾಲು ಕೊಟ್ಟವರ ಬಾಕಿ 6 ಲಕ್ಷ. ಒಟ್ಟು 36 ಲಕ್ಷ. ಉಳಿಯುವುದು 18 ಲಕ್ಷ. ಮಗಳಿಗೆ 15 ಲಕ್ಷ ಕೊಟ್ಟರೆ ಗಂಡುಮಕ್ಕಳಿಗೆ ಸೇರುವುದು ತಲಾ ಒಂದೂವರೆ ಲಕ್ಷ. ಇಪ್ಪತ್ಮೂರೂವರೆ ಲಕ್ಷ ನಿರೀಕ್ಷಿಸಿದವರಿಗೆ ಒಂದೂವರೆ ಲಕ್ಷ ಕೊಟ್ಟವರು ಕಳ್ಳರಂತೆ ಕಾಣುವುದು ಸಹಜ. ಮೃತರ ಸಾಲದ ವಿವರ ಮನೆಯವರಿಗೆ ಗೊತ್ತೇ ಇಲ್ಲದಿದ್ದರಂತೂ ಸಂಶಯಕ್ಕೆ ಮಿತಿಯಿರುವುದಿಲ್ಲ.

ಯಾರಿಗೆ ಮೊದಲು

ಪಾವತಿಯ ಕ್ರಮವನ್ನು ನಿರ್ವಾಹಕರು ತಮ್ಮ ಇಚ್ಛೆಯಂತೆ ನಿರ್ಧರಿಸುವಂತಿಲ್ಲ. ಅಧಿನಿಯಮದ 320ರಿಂದ 322ರವರೆಗಿನ ಪ್ರಕರಣಗಳಂತೆ ಮೊದಲು ಉತ್ತರಕ್ರಿಯೆ ಹಾಗೂ ಕೊನೆಯ ಕಾಯಿಲೆಯ ವೆಚ್ಚ, ಅನಂತರ ಪ್ರೊಬೇಟ್ ಮತ್ತು ಆಡಳಿತದ ನ್ಯಾಯಾಲಯ ವೆಚ್ಚ, ಆಮೇಲೆ ಸಾವಿಗೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕಾರ್ಮಿಕರು, ಕುಶಲಕರ್ಮಿಗಳು ಮತ್ತು ಮನೆಗೆಲಸದವರ ಕೂಲಿ, ಬಳಿಕ ಇತರ ಸಾಲಗಳು. ಸಾಲಗಳೆಲ್ಲ ತೀರಿದ ಮೇಲೆಯೇ ಉಯಿಲಿನ ಕೊಡುಗೆಗಳೆಂದು 325ನೇ ಪ್ರಕರಣ ಹೇಳುತ್ತದೆ. ‘ಮಕ್ಕಳಿಗೆ ಕೊಡುವ ಮೊದಲು ಹಮಾಲರಿಗೆ ಕೊಟ್ಟರು’ ಎಂಬ ದೂರು ಬಂದರೆ ಅದು ನಿರ್ವಾಹಕರ ತಪ್ಪಲ್ಲ, ಅವರ ಕರ್ತವ್ಯ.

ಅವಸರದ ಬೆಲೆ

‘ಕಷ್ಟದಲ್ಲಿದ್ದೇವೆ, ಈಗಲೇ ಸ್ವಲ್ಪ ಕೊಡಿ’ ಎಂಬ ಒತ್ತಾಯ ಎರಡನೆಯ ತಿಂಗಳಿಗೇ ಶುರುವಾಗುತ್ತದೆ. ಕೊಡುಗೆಗಳನ್ನು ಉಯಿಲುಕರ್ತರ ಮರಣದಿಂದ ಒಂದು ವರ್ಷದವರೆಗೆ ಕೊಡಲು ನಿರ್ವಾಹಕರು ಬದ್ಧರಲ್ಲವೆಂದು 337ನೇ ಪ್ರಕರಣ ಸ್ಪಷ್ಟಪಡಿಸಿದೆ. ಸಾಲಗಾರರು ಯಾರು, ಬಾಕಿದಾರರು ಯಾರು ಎಂಬುದು ತಿಳಿಯಲೆಂದೇ ಈ ಅವಧಿ.

ಮೇಲಿನ ಉದಾಹರಣೆಯಲ್ಲಿ ನಿರ್ವಾಹಕರು ದಾಕ್ಷಿಣ್ಯಕ್ಕೆ ಒಳಗಾಗಿ ಇಬ್ಬರು ಗಂಡುಮಕ್ಕಳಿಗೂ ತಲಾ 5 ಲಕ್ಷ ಕೊಟ್ಟಿದ್ದರೆ ಏನಾಗುತ್ತಿತ್ತು? ಅವರ ಪಾಲು ಒಟ್ಟು 3 ಲಕ್ಷ. ಕೊಟ್ಟದ್ದು 10 ಲಕ್ಷ. ಮಗಳ ಹಣದಲ್ಲಿ 7 ಲಕ್ಷ ಕೊರತೆ. ತಾವಾಗಿಯೇ ಕೊಟ್ಟ ಕೊಡುಗೆಯನ್ನು ನಿರ್ವಾಹಕರು ಹಿಂದಕ್ಕೆ ಕೇಳುವಂತಿಲ್ಲವೆಂಬುದು 357ನೇ ಪ್ರಕರಣದ ನಿಯಮ. ಕೊಡುಗೆ ಸಿಗದವರು, ನಿರ್ವಾಹಕರು ಸ್ಥಿತಿವಂತರಾಗಿದ್ದರೆ, ಮೊದಲು ಅವರ ಮೇಲೆಯೇ ಕ್ರಮ ಕೈಗೊಳ್ಳಬೇಕೆಂದು 363ನೇ ಪ್ರಕರಣ ಹೇಳುತ್ತದೆ. ಅಂದರೆ ಆ ಏಳು ಲಕ್ಷ ಸ್ನೇಹಿತನ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕಾಗುತ್ತಿತ್ತು. ಕೃತಜ್ಞತೆ ಗಳಿಸಲು ಮಾಡಿದ ಉಪಕಾರ ಸ್ವಂತ ಸಾಲವಾಗಿ ಪರಿಣಮಿಸುವುದು ಹೀಗೆ.

ಆದರೆ ಒಂದು ವರ್ಷದ ಅವಧಿಯನ್ನು ಆಲಸ್ಯಕ್ಕೆ ಪರವಾನಗಿಯೆಂದು ತಿಳಿಯಬಾರದು. ಗಡುವು ಹೇಳದ ಹಣದ ಕೊಡುಗೆಗೆ ವರ್ಷದ ನಂತರ ಬಡ್ಡಿ ಸೇರತೊಡಗುತ್ತದೆ. ಬಾಕಿ ವಸೂಲಿಯಲ್ಲಿ ಉದಾಸೀನ ತೋರಿ ನಷ್ಟವಾದರೆ ಅದಕ್ಕೂ ನಿರ್ವಾಹಕರೇ ಹೊಣೆ.

ನೋಟಿಸು, ಪ್ರೊಬೇಟ್, ನಿರ್ದೇಶನ

ಅಜ್ಞಾತ ಸಾಲಗಾರರ ಭಯ ನಿವಾರಿಸಲು 360ನೇ ಪ್ರಕರಣ ಒಂದು ದಾರಿ ಕೊಟ್ಟಿದೆ. ನಿಯಮಾನುಸಾರ ನೋಟಿಸು ನೀಡಿ, ಅದರಲ್ಲಿ ಹೇಳಿದ ಅವಧಿ ಕಳೆದ ಮೇಲೆ, ತಮಗೆ ತಿಳಿದಿರುವ ಕ್ಲೇಮುಗಳನ್ನು ತೀರಿಸಿ ಉಳಿದುದನ್ನು ಹಂಚಿದರೆ, ಆಗ ತಮ್ಮ ಗಮನಕ್ಕೆ ಬಾರದಿದ್ದ ಕ್ಲೇಮಿಗೆ ನಿರ್ವಾಹಕರು ಹೊಣೆಯಾಗುವುದಿಲ್ಲ.

ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಆದರೂ ಫಲಾನುಭವಿಗಳಲ್ಲಿ ಒಬ್ಬರಾದರೂ ಅಪಸ್ವರ ಎತ್ತಿದರೆ ಪ್ರೊಬೇಟ್ ಪಡೆಯುವುದು ಲೇಸು. ಪ್ರೊಬೇಟ್ ದೊರೆತ ಆರು ತಿಂಗಳಲ್ಲಿ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದಲ್ಲಿ ಲೆಕ್ಕವನ್ನೂ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಇದು ಹೊರೆಯೆಂದು ತೋರಿದರೂ ನ್ಯಾಯಾಲಯದಲ್ಲಿರುವ ಲೆಕ್ಕವೇ ಅಪವಾದಕ್ಕೆ ಉತ್ತಮ ಉತ್ತರ. ಪ್ರೊಬೇಟ್ ಪಡೆದವರು ಇಕ್ಕಟ್ಟಿನ ವಿಷಯದಲ್ಲಿ 302ನೇ ಪ್ರಕರಣದಡಿ ಉಚ್ಚ ನ್ಯಾಯಾಲಯದ ನಿರ್ದೇಶನವನ್ನೂ ಕೋರಬಹುದು. ಫಲಾನುಭವಿಗಳಿಗೂ ಬಾಗಿಲು ಮುಚ್ಚಿಲ್ಲ. ಸಕಾರಣವಿದ್ದರೆ ನಿರ್ವಾಹಕರನ್ನು ತೆಗೆದುಹಾಕುವ ಅಧಿಕಾರ 301ನೇ ಪ್ರಕರಣದಂತೆ ಉಚ್ಚ ನ್ಯಾಯಾಲಯಕ್ಕಿದೆ.

ವ್ಯಾಪಾರಕ್ಕೆ ಸಂಬಂಧಿಸಿದ ತೊಡಕುಗಳು

ಮೃತರು ಪಾಲುದಾರಿಕೆಯಲ್ಲಿದ್ದರೆ, ಕರಾರಿನಲ್ಲಿ ಬೇರೆ ರೀತಿ ಇಲ್ಲದ ಪಕ್ಷದಲ್ಲಿ ಪಾಲುದಾರರ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಉಳಿದ ಪಾಲುದಾರರು ಲೆಕ್ಕ ತೀರಿಸದೆ ವ್ಯಾಪಾರ ಮುಂದುವರಿಸಿದರೆ, 1932ರ ಪಾಲುದಾರಿಕೆ ಅಧಿನಿಯಮದ 37ನೇ ಪ್ರಕರಣದಂತೆ ಮೃತರ ಪಾಲಿನ ಮೇಲಿನ ಲಾಭವನ್ನಾಗಲಿ ಶೇಕಡಾ 6ರ ವಾರ್ಷಿಕ ಬಡ್ಡಿಯನ್ನಾಗಲಿ ಆಯ್ದುಕೊಳ್ಳುವ ಹಕ್ಕು ಪ್ರತಿನಿಧಿಗಳಿಗಿದೆ. ನಿರ್ವಾಹಕರೇ ಉಳಿದ ಪಾಲುದಾರರಾಗಿದ್ದರೆ ಎರಡೂ ಕಡೆ ಅವರೇ ಕುಳಿತಂತಾಗುತ್ತದೆ. ಆಗ ಸ್ವತಂತ್ರ ಲೆಕ್ಕ ಪರಿಶೋಧಕರಿಂದ ಮೌಲ್ಯ ಕಟ್ಟಿಸದೆ ಹೆಜ್ಜೆ ಇಡಬಾರದು.

ಏಕವ್ಯಕ್ತಿ ಮಾಲೀಕತ್ವದ ವ್ಯಾಪಾರವನ್ನು ಉಯಿಲಿನಲ್ಲಿ ಅನುಮತಿಯಿಲ್ಲದೆ ದೀರ್ಘಕಾಲ ನಡೆಸುವುದು ಅಪಾಯಕರ. ವಾರಸುದಾರರು ಮುಂದುವರಿಸುವುದಾದರೆ ತಮ್ಮ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಪಡೆದು, ಉಳಿದ ಹೂಡುವಳಿ ತೆರಿಗೆ ಜಮೆಯನ್ನು ನಿಗದಿತ ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ಹಂಚಿಕೆ ಪೂರ್ಣವಾಗುವವರೆಗೆ ಸ್ವತ್ತಿನಿಂದ ಬರುವ ಆದಾಯಕ್ಕೆ ನಿರ್ವಾಹಕರ ಹೆಸರಿನಲ್ಲಿ ಪ್ರತ್ಯೇಕ ಆದಾಯ ತೆರಿಗೆ ವಿವರಣೆ ಸಲ್ಲಬೇಕೆಂಬುದನ್ನೂ ಮರೆಯಬಾರದು.

ನಾಮನಿರ್ದೇಶನ ಮತ್ತೊಂದು ಜಗಳದ ಬೀಜ. ‘ನಾಮಿನಿ ನಾನು, ಹಣ ನನ್ನದು’ ಎಂಬ ವಾದ ಸಾಮಾನ್ಯ. ಷೇರುಗಳ ವಿಷಯದಲ್ಲಿ ನಾಮಿನಿಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಉತ್ತರಾಧಿಕಾರದ ಕಾನೂನೇ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪು ನೀಡಿದೆ. ಜೀವವಿಮೆಯ ವಿಷಯ ಭಿನ್ನ. 2015ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಆ ಹಣದ ಹಕ್ಕು ಸಾಮಾನ್ಯವಾಗಿ ಅವರದೇ.

ಅಪವಾದಕ್ಕೆ ಆಸ್ಪದ ಕೊಡದಿರಲು

ಮೊದಲನೆಯದಾಗಿ, ಸ್ವತ್ತಿನ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ಒಂದು ದಿನದ ಮಟ್ಟಿಗೂ ಅದು ಸ್ವಂತ ಅಂಗಡಿಯ ಖಾತೆಯಲ್ಲಿ ಬೆರೆಯಬಾರದು.

ಎರಡನೆಯದಾಗಿ, ಸ್ವತ್ತಿನ ಯಾವ ಭಾಗವನ್ನೂ ನಿರ್ವಾಹಕರು ನೇರವಾಗಿಯಾಗಲಿ ಬೇರೆಯವರ ಹೆಸರಿನಲ್ಲಾಗಲಿ ಕೊಳ್ಳಬಾರದು. ಹಾಗೆ ಕೊಂಡರೆ ಆಸಕ್ತರು ಯಾರೇ ಆದರೂ ಆ ಮಾರಾಟವನ್ನು ರದ್ದುಪಡಿಸಬಹುದೆಂದು 310ನೇ ಪ್ರಕರಣ ಹೇಳುತ್ತದೆ. ದಾಸ್ತಾನು ಮಾರುವಾಗ ಕನಿಷ್ಠ ಮೂರು ದರಪಟ್ಟಿ ಪಡೆದು ಕಡತದಲ್ಲಿಡುವುದು ಕ್ಷೇಮ.

ಮೂರನೆಯದಾಗಿ, ಕಮಿಷನ್ ಪಡೆಯುವುದಾದರೆ ಕಾನೂನಿನ ಮಿತಿಯೊಳಗೆ, ಉಯಿಲಿನ ಮಾತಿನಂತೆ, ಬಹಿರಂಗವಾಗಿ ಪಡೆಯಬೇಕು.

ನಾಲ್ಕನೆಯದಾಗಿ, ಮೂರು ತಿಂಗಳಿಗೊಮ್ಮೆ ಎಲ್ಲ ಫಲಾನುಭವಿಗಳಿಗೂ ಒಂದೇ ದಿನ ಒಂದೇ ಬಗೆಯ ಲಿಖಿತ ವರದಿ ಕಳುಹಿಸಬೇಕು. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ ಪಕ್ಷಪಾತದ ಆರೋಪ ಖಚಿತ. ಒರಟು ಪತ್ರಕ್ಕೂ ಉತ್ತರ ಸೌಮ್ಯವಾಗಿ, ದಾಖಲೆಗಳ ಪ್ರತಿಯೊಡನೆ ಹೋಗಬೇಕು.

ಐದನೆಯದಾಗಿ, ಹಂಚಿಕೆಯ ದಿನ ಅಂತಿಮ ಲೆಕ್ಕಕ್ಕೆ ಎಲ್ಲರ ಸಹಿ ಪಡೆದು ರಶೀದಿ ಇರಿಸಿಕೊಳ್ಳಬೇಕು. ಕೊಡುಗೆಗಾಗಿ ನಿರ್ವಾಹಕರ ಮೇಲೆ ದಾವೆ ಹೂಡಲು ಕಾಲಮಿತಿ 12 ವರ್ಷ. ಅಷ್ಟು ಕಾಲ ಕಡತಗಳು ಭದ್ರವಾಗಿರಬೇಕು.

ಒಪ್ಪುವ ಮುನ್ನ

ಉಯಿಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಣೆ ಹೊರಲೇಬೇಕೆಂದಿಲ್ಲ. ನ್ಯಾಯಾಧೀಶರ ಮುಂದೆ ಬಾಯಿಮಾತಿನಿಂದ ಅಥವಾ ಸಹಿ ಮಾಡಿದ ಬರಹದಿಂದ ನಿರಾಕರಿಸಬಹುದು. ಅನಂತರ ಪ್ರೊಬೇಟ್ ಕೇಳುವಂತಿಲ್ಲ. ಮೃತರ ಸಾಲ, ಮನೆಯವರ ಮನಸ್ಸು, ಸ್ವಂತ ಆರೋಗ್ಯ, ಸಮಯ ಇವೆಲ್ಲವನ್ನೂ ತೂಗಿ ನೋಡಿ, ಸ್ವತ್ತಿನ ವ್ಯವಹಾರಕ್ಕೆ ಕೈ ಹಾಕುವ ಮೊದಲೇ ತೀರ್ಮಾನಿಸುವುದು ಒಳಿತು.

ಉಯಿಲು ಬರೆಯುವ ವರ್ತಕರಿಗೂ ಇದರಲ್ಲಿ ಪಾಠವಿದೆ. ನಿರ್ವಾಹಕರಾಗುವವರ ಒಪ್ಪಿಗೆಯನ್ನು ಬದುಕಿರುವಾಗಲೇ ಕೇಳಬೇಕು. ಸಾಲಬಾಕಿಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಬರೆದಿಟ್ಟು ಮನೆಯವರಿಗೂ ತಿಳಿಸಬೇಕು. ನಿರ್ವಾಹಕರಿಗೆ ಸಲ್ಲಬೇಕಾದ ಸಂಭಾವನೆ, ವ್ಯಾಪಾರ ಮುಂದುವರಿಸುವ ಅಥವಾ ಮುಚ್ಚುವ ಅಧಿಕಾರ ಉಯಿಲಿನಲ್ಲಿ ಸ್ಪಷ್ಟವಾಗಿರಬೇಕು. ಮೇಲಿನ ಉದಾಹರಣೆಯ ಮಾಲೀಕರು ತಮ್ಮ 24 ಲಕ್ಷದ ಬ್ಯಾಂಕ್ ಸಾಲವನ್ನು ಮಕ್ಕಳಿಗೆ ಮೊದಲೇ ಹೇಳಿದ್ದರೆ ಗೆಳೆಯರ ಮೇಲೆ ಅಪವಾದದ ಹೊರೆ ಬೀಳುತ್ತಿರಲಿಲ್ಲ.

ಕೃತಜ್ಞತೆಯನ್ನು ಯಾವ ಕಾನೂನೂ ವಸೂಲು ಮಾಡಿಕೊಡಲಾರದು. ನಿರ್ವಾಹಕರು ಮಾತು ಕೊಟ್ಟದ್ದು ತೀರಿಕೊಂಡ ಗೆಳೆಯನಿಗೆ. ಹಮಾಲರ ಕೂಲಿಯಿಂದ ಹಿಡಿದು ಮಗಳ ಹದಿನೈದು ಲಕ್ಷದವರೆಗೆ ಪ್ರತಿಯೊಂದೂ ಸಲ್ಲಬೇಕಾದವರಿಗೆ ಸಂದು, ಅಂತಿಮ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಉಳಿಯದಿದ್ದರೆ ಆ ಮಾತು ನಡೆದಂತೆಯೇ ಸರಿ.