ಕಂಬದೊಳಗಿನ ಸಂತ

1919ರಲ್ಲಿ ಒಂದು ದಿನ, ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್ ಪಟ್ಟಣದಲ್ಲಿ, ಸಂತ ಮ್ಯಾಗ್ನಸ್ ಕೆಥೆಡ್ರಲ್ಲಿನ ದುರಸ್ತಿಗೆ ಬಂದವರಿಗೆ ಬಲಿಪೀಠದ ಕಡೆಯ ದಕ್ಷಿಣದ ಕಂಬದಲ್ಲಿ ಕೆಲವು ಕಲ್ಲುಗಳು ಸಡಿಲವಾಗಿ ಕಂಡವು. ಏಳು ಶತಮಾನಕ್ಕೂ ಹೆಚ್ಚು ಕಾಲ ಭಾರ ಹೊತ್ತು ನಿಂತ ಕಂಬ ಅದು. ಅಂಥ ಕಂಬದ ಕಲ್ಲು ಅಲ್ಲಾಡಬಾರದು. ಬಿಡಿಸಿ ನೋಡಿದರೆ ಒಳಗೆ ಪೊಳ್ಳು. ಪೊಳ್ಳಿನಲ್ಲಿ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮನುಷ್ಯನ ಮೂಳೆಗಳು, ಒಂದು ತಲೆಬುರುಡೆ. ಬುರುಡೆಯ ನೆತ್ತಿ ಒಡೆದಿತ್ತು.

ಇದು ಯಾರದು? ಊರಿನ ಸಂತನದೇ ಇರಬೇಕೆಂದು ಥಟ್ಟನೆ ಹೇಳುವ ಹಾಗಿರಲಿಲ್ಲ. ಯಾಕೆಂದರೆ ಸಂತ ಆಗಲೇ ಸಿಕ್ಕಿಬಿಟ್ಟಿದ್ದ. 1848ರಲ್ಲಿ ಇದೇ ಕಟ್ಟಡದ ಉತ್ತರದ ಕಂಬದೊಳಗೂ ಮೂಳೆಗಳು ಕಂಡಿದ್ದವು. ಅವು ಮ್ಯಾಗ್ನಸ್‌ನವೇ ಎಂದು ಎಷ್ಟೋ ಜನ ನಂಬಿಕೊಂಡಿದ್ದರು. ಒಬ್ಬ ಸಂತನಿಗೆ ಎರಡು ತಲೆಬುರುಡೆ ಇರಲು ಸಾಧ್ಯವಿಲ್ಲ.

ಮ್ಯಾಗ್ನಸ್ ಯಾರೆಂಬುದು ಆರ್ಕ್ನಿಯ ಮಕ್ಕಳಿಗೂ ಗೊತ್ತಿದ್ದ ಕತೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಈ ದ್ವೀಪಗಳು ನಾರ್ವೆಯ ರಾಜನ ಕೈಕೆಳಗಿದ್ದವು. ಆಳುತ್ತಿದ್ದವರು ಇಬ್ಬರು ದಾಯಾದಿಗಳು, ಮ್ಯಾಗ್ನಸ್ ಮತ್ತು ಹಾಕನ್. ಮ್ಯಾಗ್ನಸ್ ವಿಚಿತ್ರ ಒಡೆಯ. 1098ರಲ್ಲಿ ನಾರ್ವೆಯ ರಾಜ ಅವನನ್ನು ವೇಲ್ಸ್ ಕಡಲಿನ ಯುದ್ಧಕ್ಕೆ ಕರೆದೊಯ್ದಾಗ, ಇಲ್ಲಿ ತನಗೆ ಯಾರ ಮೇಲೂ ಹಗೆಯಿಲ್ಲವೆಂದು ಆಯುಧವನ್ನೇ ಮುಟ್ಟದೆ, ಬಾಣಗಳು ಹಾರುತ್ತಿದ್ದ ಹಡಗಿನಲ್ಲಿ ಕುಳಿತು ಕೀರ್ತನೆ ಹಾಡಿದನಂತೆ.

ಸುಮಾರು 1117ರಲ್ಲಿ ಇಬ್ಬರ ನಡುವೆ ರಾಜಿಯ ಮಾತಾಯಿತು. ಎಗಿಲ್ಸೆ ಎಂಬ ಪುಟ್ಟ ದ್ವೀಪದಲ್ಲಿ ಸೇರಬೇಕು, ತಲಾ ಎರಡೇ ಹಡಗು. ಮ್ಯಾಗ್ನಸ್ ಮಾತಿನಂತೆ ಬಂದ. ಹಾಕನ್‌ನ ಹಡಗುಗಳನ್ನು ಎಣಿಸಿದರೆ ಎರಡಕ್ಕೆ ನಿಲ್ಲಲಿಲ್ಲ. ಮ್ಯಾಗ್ನಸ್ ಓಡಲಿಲ್ಲ, ಇರುಳೆಲ್ಲ ಚರ್ಚಿನಲ್ಲಿ ಪ್ರಾರ್ಥಿಸಿ, ಬೆಳಿಗ್ಗೆ ಬಲಿಪೂಜೆ ಕೇಳಿ, ಸೆರೆಯಾದ. ನನ್ನನ್ನು ಪುಣ್ಯಕ್ಷೇತ್ರಕ್ಕೆ ಗಡೀಪಾರು ಮಾಡು, ಇಲ್ಲವೇ ಸೆರೆಯಲ್ಲಿಡು, ಅದೂ ಆಗದಿದ್ದರೆ ಕಣ್ಣು ಕೀಳಿಸು, ಆದರೆ ನಿರಪರಾಧಿಯನ್ನು ಕೊಂದ ಪಾಪ ಕಟ್ಟಿಕೊಳ್ಳಬೇಡ ಎಂದು ದಾಯಾದಿಯನ್ನೇ ಉಳಿಸುವವನಂತೆ ಬೇಡಿಕೊಂಡ. ಹಾಕನ್ ಕೊನೆಯದಕ್ಕೆ ಒಪ್ಪಿದ್ದ. ಸುತ್ತಲಿದ್ದ ಸರದಾರರು ಒಪ್ಪಲಿಲ್ಲ. ಇಬ್ಬರ ಆಳ್ವಿಕೆ ಸಾಕು, ಒಬ್ಬ ಸಾಯಲೇಬೇಕು ಎಂದರು.

ಕೊಲ್ಲುವವರು ಯಾರು? ಧ್ವಜ ಹಿಡಿಯುವ ಒಫೀಗ್ ಸಿಟ್ಟಿನಿಂದ ಆಗದೆಂದ. ಕೊನೆಗೆ ಆ ಕೆಲಸ ಲಿಫೋಲ್ಫ್ ಎಂಬ ಅಡುಗೆಯವನ ತಲೆಗೆ ಬಂತು. ಅವನು ಗೊಳೋ ಎಂದು ಅತ್ತ. ಸಾಯಬೇಕಾದವನೇ ಅವನನ್ನು ಸಮಾಧಾನ ಮಾಡಿದ. ಅಳಬೇಡ, ನನ್ನ ಬಟ್ಟೆ ನಿನಗೇ ಸೇರುತ್ತದೆ. ಆದರೆ ಕಳ್ಳನಿಗೆ ಮಾಡುವಂತೆ ಕುತ್ತಿಗೆ ಕಡಿಯಬೇಡ, ಎದುರಿಗೆ ನಿಂತು ತಲೆಯ ಮೇಲೆ ಬಲವಾಗಿ ಹೊಡೆ ಎಂದ. ಸುಮಾರು 1200ರ ಹೊತ್ತಿಗೆ ಐಸ್‌ಲ್ಯಾಂಡಿನಲ್ಲಿ ಬರೆದ ‘ಆರ್ಕ್ನಿಯಿಂಗ ಸಾಗಾ’ ಇಷ್ಟನ್ನೂ ಹೇಳುತ್ತದೆ. ಎರಡೂ ಕಡೆಯವರಿಗೆ ಔತಣದ ಅಡುಗೆ ಮಾಡಿಸಿಟ್ಟುಕೊಂಡು ಕಾದಿದ್ದ ಮ್ಯಾಗ್ನಸ್‌ನ ತಾಯಿ ಥೋರಾ, ಮನೆಗೆ ಬಂದ ಹಾಕನ್‌ನ ಹತ್ತಿರ ಮಗನ ಹೆಣ ಬೇಡಿದಳು. ಹಾಕನ್ ಅತ್ತುಬಿಟ್ಟ, ಹೆಣ ಕೊಟ್ಟ.

ಗೋರಿಯ ಬಳಿ ಕಾಯಿಲೆ ವಾಸಿಯಾಗುತ್ತದೆಂಬ ಸುದ್ದಿ ಹಬ್ಬಿತು. ಬಿಷಪ್ ವಿಲಿಯಂ ಬಹುಕಾಲ ನಂಬಲಿಲ್ಲ. ಕಡೆಗೆ ಮೂಳೆ ತೆಗೆಸಿ, ತೊಳೆಸಿ, ಬೆರಳ ಗೆಣ್ಣೊಂದನ್ನು ಬೆಂಕಿಯಲ್ಲಿಟ್ಟು ಪರೀಕ್ಷಿಸಿದ. ಬೆಂಕಿ ಅದನ್ನು ಸುಡಲಿಲ್ಲವೆಂದು ಸಾಗಾ ಹೇಳುತ್ತದೆ. 1137ರಲ್ಲಿ ಮ್ಯಾಗ್ನಸ್‌ನ ಸೋದರಳಿಯ ರೋಗ್ನ್ವಾಲ್ಡ್ ಈ ಕೆಥೆಡ್ರಲ್ ಕಟ್ಟಲು ಶುರುಮಾಡಿದ. ಅವನೂ 1158ರಲ್ಲಿ ಕೊಲೆಯಾಗಿ, ಮುಂದೆ ಸಂತನೆನಿಸಿಕೊಂಡ. 1560ರಲ್ಲಿ ಸ್ಕಾಟ್ಲೆಂಡ್ ಪ್ರೊಟೆಸ್ಟೆಂಟ್ ಆದ ಮೇಲೆ ಸಂತರ ಅವಶೇಷಗಳಿಗೆ ಕೈಮುಗಿಯುವವರೇ ಇಲ್ಲವಾದರು. ಮೂಳೆಗಳು ಎಲ್ಲಿ ಹೋದವೆಂಬುದು ಮರೆತೇಹೋಯಿತು.

ಅವು ಮತ್ತೆ ಕಣ್ಣಿಗೆ ಬಿದ್ದದ್ದು ಒಂದು ಉಯಿಲಿನಿಂದ. ಆರ್ಕ್ನಿಯ ನ್ಯಾಯಾಧಿಕಾರಿಯಾಗಿದ್ದ ಜಾರ್ಜ್ ಥಾಮ್ಸ್ 1903ರಲ್ಲಿ ತೀರಿಕೊಂಡಾಗ, ತನ್ನ ಆಸ್ತಿಯ ದೊಡ್ಡ ಪಾಲನ್ನು ಈ ಕಟ್ಟಡದ ದುರಸ್ತಿಗೆ ಬರೆದಿಟ್ಟಿದ್ದರು. ಅವರ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವೆಂದು ನೆಂಟರು ಕೋರ್ಟಿಗೆ ಹೋದರು, ಸೋತರು. 1913ರಲ್ಲಿ ಕೆಲಸ ಶುರುವಾಯಿತು. ಆ ನೆಂಟರು ಗೆದ್ದಿದ್ದರೆ ದಕ್ಷಿಣದ ಕಂಬವನ್ನು ಆಗ ಯಾರೂ ಮುಟ್ಟುತ್ತಿರಲಿಲ್ಲ.

ಪೆಟ್ಟಿಗೆ ಸಿಕ್ಕಿತು, ಉತ್ತರ ಸಿಗಲಿಲ್ಲ. ಊರಿನವರೇ ಆದ ಇತಿಹಾಸಕಾರ ಜಾನ್ ಮೂನಿ ಮಾತ್ರ ಆ ಬುರುಡೆಯನ್ನು ಮರೆಯಲಿಲ್ಲ. ಸಾಗಾದ ಮಾತುಗಳನ್ನೂ ಕಟ್ಟಡದ ಚರಿತ್ರೆಯನ್ನೂ ವರ್ಷಗಟ್ಟಲೆ ತಾಳೆ ನೋಡಿದರು. 1935ರಲ್ಲಿ ಮ್ಯಾಗ್ನಸ್ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಬರ್ಡೀನಿನ ಅಂಗರಚನಾಶಾಸ್ತ್ರದ ಪ್ರೊಫೆಸರ್ ರೀಡ್ ಎರಡೂ ಕಂಬಗಳ ಮೂಳೆಗಳನ್ನು ಹರವಿಕೊಂಡು ಒಂದೊಂದಾಗಿ ಅಳೆದರು.

1926ರಲ್ಲಿ ರೀಡ್ ಬರೆದದ್ದು ಹೀಗೆ: ದಕ್ಷಿಣದ ಬುರುಡೆಯ ನೆತ್ತಿಯ ಮೂಳೆಯನ್ನು ಸೀಳಿದ್ದು ಹರಿತವಾದ ಆಯುಧ. ಏಟು ಬಿದ್ದದ್ದು ತಲೆಗೆ, ಬೇಡಿಕೊಂಡಿದ್ದಂತೆಯೇ. ಅದು ಮ್ಯಾಗ್ನಸ್. ಅಷ್ಟು ವರ್ಷ ಅವನ ಹೆಸರು ಹೊತ್ತಿದ್ದ ಉತ್ತರದ ಕಂಬದ ಮೂಳೆಗಳು ಸೋದರಳಿಯ ರೋಗ್ನ್ವಾಲ್ಡ್‌ನವು. ಇಬ್ಬರನ್ನೂ ತಂತಮ್ಮ ಕಂಬದೊಳಗೇ ಇಟ್ಟು ಕಲ್ಲು ಮುಚ್ಚಿದರು.