ಗದ್ದೆಯೊಂದಿಗೆ ಕೈಬದಲಾದವರು

ಉಡುಪಿ ಬಳಿಯ ಅಲೆವೂರಿನಂಥ ಊರುಗಳ ಬೈಲಿನಲ್ಲಿ ಈಗ ನೇಜಿ ನೆಡಲು ಜನ ಸಿಗುವುದಿಲ್ಲ ಎಂಬುದೇ ದೂರು. ಇನ್ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಗದ್ದೆ ಕೊಂಡರೆ ಆಳೂ ಜೊತೆಗೇ ಬರುತ್ತಿದ್ದ. ಅವನಿಗೆ ಮೂಲದಾಳು ಎಂದು ಹೆಸರು. ಧಣಿ ಅವನನ್ನು ಮಾರಬಹುದಿತ್ತು, ಅಡವಿಡಬಹುದಿತ್ತು. 1801ರಲ್ಲಿ ಕಾರ್ಕಳ, ಹಿರಿಯಡಕದ ಹಾದಿಯಲ್ಲಿ ಉಡುಪಿಗೆ ಬಂದ ಫ್ರಾನ್ಸಿಸ್ ಬುಕಾನನ್, ತುಳುನಾಡಿನ ಈ ಆಳುಗಳಿಗೆ ಸಿಗುವ ಅಕ್ಕಿಯ ಲೆಕ್ಕವನ್ನೂ ಬರೆದಿಟ್ಟ. ಆಳುಗಳು ಏನೆಂದರು ಎಂಬುದಕ್ಕೆ ಲೆಕ್ಕವಿಟ್ಟವರಿಲ್ಲ.

ಅದಕ್ಕೂ ಬಹಳ ಹಿಂದೆ, 1132ರ ಅಕ್ಟೋಬರ್‌ನಲ್ಲಿ, ಮಂಗಳೂರಿನಲ್ಲಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆ ಪತ್ರ ಕೈರೋದ ಕಾಗದರಾಶಿಯಲ್ಲಿ ಉಳಿಯಿತು. ಅಲ್ಲಿಯೂ ಮಾತು ಒಡೆಯನದೇ.

ಆದರೆ ಅಮೆರಿಕದಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್ 1838ರಲ್ಲಿ ಒಡೆಯನಿಂದ ತಪ್ಪಿಸಿಕೊಂಡು, 1845ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಪ್ರಕಟಿಸಿದ. ಅಂಥ ಪುಸ್ತಕಗಳು ಗುಲಾಮಗಿರಿ ವಿರೋಧಿ ಚಳವಳಿಗೆ ಸಾಕ್ಷಿ ಹೇಳಿದವು. ಬ್ರಿಟನ್ 1833ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತಾದರೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತ್ತು. ಇಲ್ಲಿಗೆ ಕಾಯ್ದೆ ಬಂದದ್ದು 1843ರಲ್ಲಿ. ಅದೂ ‘ನೀನು ಸ್ವತಂತ್ರ’ ಎಂದು ಯಾರಿಗೂ ಹೇಳಲಿಲ್ಲ. ಆಳಿನ ಮೇಲಿನ ಒಡೆತನವನ್ನು ನ್ಯಾಯಾಲಯ ಮಾನ್ಯ ಮಾಡುವುದಿಲ್ಲ ಎಂದಿತು, ಅಷ್ಟೆ. ಆಳನ್ನು ಇಟ್ಟುಕೊಳ್ಳುವುದು, ಮಾರುವುದು ಅಪರಾಧವಾಗಲು 1860ರ ದಂಡಸಂಹಿತೆಯೇ ಬೇಕಾಯಿತು.

ಅಲ್ಲಿಗೆ ಆಳು ಹೊರಟುಹೋಗಬಹುದಿತ್ತು. ಆದರೆ ಹೋಗುವುದೆಲ್ಲಿಗೆ? ಗುಡಿಸಲು ನಿಂತದ್ದು ಧಣಿಯ ಜಾಗದಲ್ಲಿ. ಮದುವೆಗೆ ತಂದ ಸಾಲ ಅವನ ಲೆಕ್ಕದಲ್ಲಿ. ಘಟ್ಟ ಹತ್ತಿ ಕಾಫಿ ತೋಟ ಸೇರಿದರೆ ಅಲ್ಲಿ ಮುಂಗಡದ ಕುಣಿಕೆ. ಮುಂಗಡ ಪಡೆದು ಓಡಿದವನನ್ನು ಶಿಕ್ಷಿಸಲು 1859ರ ಕಾಯ್ದೆಯೇ ಇತ್ತು.

ಬಾಗಿಲು ತೆರೆದದ್ದು ಬೇರೆ ಕಡೆಯಿಂದ. ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. 1974ರ ಭೂಸುಧಾರಣೆ, 1976ರ ಜೀತ ನಿರ್ಮೂಲನೆ ಆಮೇಲಿನವು. ಕೊರಗ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ಉಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದವರೆಗೆ ಕಾಯಬೇಕಾಯಿತು.

ಹಾಗಾದರೆ ಆಳುಗಳು ತಮ್ಮ ಕಥೆ ಹೇಳಲೇ ಇಲ್ಲವೆ? ಹೇಳಿದರು, ಕಾಗದದ ಮೇಲಲ್ಲ. ದುಡಿದು ನೊಂದ ಕುಲದ ಅವಳಿ ವೀರರು ಕಾನದ-ಕಟದ. ಅತಿಕಾರೆ ಭತ್ತದ ಬೀಜವನ್ನು ಘಟ್ಟದಿಂದ ತಂದವರು ಇವರೇ ಎನ್ನುತ್ತದೆ ತುಳುವಿನ ಹಾಡುಗಥೆ ಪಾಡ್ದನ. ಧಣಿಯ ಲೆಕ್ಕದಲ್ಲಿ ಗದ್ದೆಯ ಜೊತೆ ಮಾರಾಟವಾದವರು, ತಮ್ಮ ಹಾಡಿನಲ್ಲಿ ಆ ಗದ್ದೆಗೇ ಬೀಜ ಕೊಟ್ಟವರು.