ಕರೆಂಟ್ ಹೋದ್ರೆ ಮೀನು ತೊಟ್ಟಿಗೆ ಯಾವ ಬ್ಯಾಟರಿ?

ನಮ್ಮದು ತೋಟದ ಮನೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಲೈನ್ ಇದೆ, ನಮಗೆ ಪಂಪ್‌ಸೆಟ್ ಲೈನೇ ಗತಿ. ತ್ರೀ ಫೇಸ್ ಬರೋದೇ ದಿನಕ್ಕೆ ಏಳು ಗಂಟೆ. ಉಳಿದ ಹೊತ್ತಲ್ಲಿ ಸಿಂಗಲ್ ಫೇಸ್ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಇಂಥ ಮನೆಯಲ್ಲಿ ಐದು ಗಾಜಿನ ತೊಟ್ಟಿ ಇಟ್ಟುಕೊಂಡು ಗೋಲ್ಡ್ ಫಿಶ್, ಗಪ್ಪಿ ಮರಿ ಮಾಡಿಸಿ ಮಾರ್ತೀನಿ. ತಾಯಿ ಮೀನುಗಳೆಲ್ಲ ಒಂದೇ ತೊಟ್ಟಿಯಲ್ಲಿವೆ. ಅವು ಹೋದ್ರೆ ಮುಂದಿನ ಮರಿಗಳೂ ಹೋದಂತೆ.

ಹೊಸದಾಗಿ ಮೀನು ಸಾಕೋ ಹುಡುಗರು ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ: "ಅಣ್ಣ, ಎಷ್ಟು ದೊಡ್ಡ ಇನ್ವರ್ಟರ್ ತಗೊಳ್ಲಿ?" ನಾನು ತಿರುಗಿ ಕೇಳ್ತೀನಿ, ತೊಟ್ಟಿಯಲ್ಲಿ ಏನೇನು ಓಡಬೇಕು ಅಂತ. ಲೈಟ್ ಬೇಡ. ಒಂದು ರಾತ್ರಿ ಹೀಟರ್ ಇಲ್ಲದಿದ್ರೂ ನಮ್ಮ ಬಯಲುಸೀಮೆಯಲ್ಲಿ ತೊಂದರೆ ಕಡಿಮೆ. ಬೇಕಾದ್ದು ಗಾಳಿ ಮಾತ್ರ. ಚಿಕ್ಕ ಏರ್ ಪಂಪ್ ಎಳೆಯೋದು 3ರಿಂದ 5 ವ್ಯಾಟ್. ಎಂಟು ಗಂಟೆ ಓಡಿದ್ರೂ 40 ವ್ಯಾಟ್ ಅವರ್.

ಈಗ ಇನ್ವರ್ಟರ್ ಲೆಕ್ಕ ನೋಡಿ. ಏನೂ ಓಡದೆ ಸುಮ್ಮನೆ ಆನ್ ಆಗಿದ್ರೂ ಮನೆ ಇನ್ವರ್ಟರ್ ತಾನೇ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತೆ. ಐದು ವ್ಯಾಟ್ ಪಂಪ್‌ಗೋಸ್ಕರ ಅದನ್ನ ಕೊಳ್ಳೋದು ಒಂದು ಕೊಡ ನೀರಿಗೆ ಟ್ರ್ಯಾಕ್ಟರ್ ತಗೊಂಡು ಹೋದ ಹಾಗೆ. ಮನೆಯಲ್ಲಿ ಈಗಾಗಲೇ ಇದ್ರೆ ಬಳಸಿ, ಬೇಡ ಅನ್ನಲ್ಲ. ಆದ್ರೆ ಎರಡು ಫ್ಯಾನು, ಟಿವಿ, ಲೈಟು ಅದರ ಮೇಲೇ ಓಡಿದ್ರೆ ನಡುರಾತ್ರಿಗೆ ಬ್ಯಾಟರಿ ಖಾಲಿ. ಎಲ್ಲರೂ ಮಲಗಿರ್ತೀರಿ, ಪಂಪ್ ನಿಂತಿದ್ದು ಯಾರಿಗೂ ಗೊತ್ತಾಗಲ್ಲ. ಕಂಪ್ಯೂಟರ್ ಯುಪಿಎಸ್ ಕೂಡ ನೆಚ್ಚಿಕೊಳ್ಳೋ ಹಾಗಿಲ್ಲ, ಅದು ಕೆಲಸ ಸೇವ್ ಮಾಡಿಕೊಳ್ಳೋಕೆ ಇರೋದು.

ತೊಟ್ಟಿಗೆ ಅದರದ್ದೇ ಬ್ಯಾಟರಿ ಇರಲಿ ಅನ್ನೋದು ನನ್ನ ಮಾತು. ಒಂದೆರಡು ತೊಟ್ಟಿ ಇದ್ದವರಿಗೆ ಎಸಿ-ಡಿಸಿ ಏರ್ ಪಂಪ್ ಸಾಕು. ಒಳಗೇ ಬ್ಯಾಟರಿ ಇರುತ್ತೆ, ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುತ್ತೆ. ಕೊಳ್ಳುವಾಗ ಹೀಗೆ ತಾನೇ ಶುರುವಾಗೋದೇ ಹೌದಾ ಅಂತ ಅಂಗಡಿಯಲ್ಲೇ ಪ್ಲಗ್ ಕಿತ್ತು ನೋಡಿ. ಪವರ್ ಬ್ಯಾಂಕಿಗೆ ಹಾಕೋ ಯುಎಸ್‌ಬಿ ಪಂಪ್ ಅಗ್ಗ, ಆದ್ರೆ ಲೋಡ್ ತೀರಾ ಕಡಿಮೆ ಅಂತ ಕೆಲವು ಪವರ್ ಬ್ಯಾಂಕ್ ತಾವೇ ಆಫ್ ಆಗ್ತವೆ. ಹಗಲಲ್ಲಿ ಎರಡು ಗಂಟೆ ಓಡಿಸಿ ನೋಡದೆ ರಾತ್ರಿಗೆ ನಂಬಬೇಡಿ.

ಹೆಚ್ಚು ತೊಟ್ಟಿ ಇದ್ರೆ 12 ವೋಲ್ಟ್ ಡಿಸಿ ಪಂಪ್ ತಗೊಳ್ಳಿ. ಬ್ಯಾಟರಿ ನಿಮ್ಮನೆಯಲ್ಲೇ ಇರಬಹುದು: ಔಷಧಿ ಹೊಡೆಯೋ ಬ್ಯಾಟರಿ ಸ್ಪ್ರೇಯರ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ 8 ಅಥವಾ 12 ಆಂಪಿಯರ್ ಅವರ್ ಬ್ಯಾಟರಿ ಇರುತ್ತೆ. 8ರದ್ದು ಅಂದ್ರೆ 96 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆ ಲೆಕ್ಕದಲ್ಲೂ ಐದು ವ್ಯಾಟ್ ಪಂಪ್ ಒಂಬತ್ತು ಗಂಟೆ ಓಡುತ್ತೆ. ವೈರಿಗೆ ಒಂದು ಚಿಕ್ಕ ಫ್ಯೂಸ್ ಹಾಕಿ. ಔಷಧಿ ಹೊಡೆದ ದಿನ ಮಾತ್ರ ಈ ಬ್ಯಾಟರಿ ಮುಟ್ಟಬೇಡಿ. ಚಾರ್ಜ್ ಖಾಲಿಯಾಗಿರುತ್ತೆ ಅನ್ನೋದು ಒಂದು ಕಾರಣ. ಇನ್ನೊಂದು, ಸಿಂಥೆಟಿಕ್ ಪೈರೆಥ್ರಾಯ್ಡ್ ಔಷಧಿಗಳು ಮೀನಿಗೆ ಘೋರ ವಿಷ, ಕೈಗೆ ಅಂಟಿದ್ದೇ ಸಾಕು ಚಿಕ್ಕ ತೊಟ್ಟಿ ಕೆಡೋಕೆ. ನಾನು ಇದೇ ಕಾರಣಕ್ಕೆ ಬೇರೆ ಬ್ಯಾಟರಿ ಇಟ್ಟು 20 ವ್ಯಾಟ್ ಸೋಲಾರ್ ಪ್ಯಾನೆಲ್ ಕಟ್ಟಿದ್ದೀನಿ. ಏಳು ಗಂಟೆ ಕರೆಂಟಿನಲ್ಲಿ ಲೆಡ್ ಆಸಿಡ್ ಪೂರ್ತಿ ತುಂಬಲ್ಲ.

ಪಂಪನ್ನ ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ. ಪಂಪ್ ನಿಂತಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪಿಗೂ ನೆಲಕ್ಕೂ ಇಳಿಯುತ್ತೆ.

ಎಲ್ಲ ಮೀನಿಗೂ ಒಂದೇ ಅವಸರ ಇಲ್ಲ. ಬೆಟ್ಟಾ, ಗೌರಾಮಿ ಮೇಲೆ ಬಂದು ನೇರವಾಗಿ ಗಾಳಿ ಕುಡೀತವೆ. ಬ್ಯಾಟರಿ ಒಂದೇ ಇದ್ರೆ ಗೋಲ್ಡ್ ಫಿಶ್ ತೊಟ್ಟಿಗೆ ಕೊಡಿ. ಬೇಸಿಗೆಯಲ್ಲಿ ಇನ್ನೂ ಹುಷಾರು: 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದ್ರೆ, 30 ಡಿಗ್ರಿಯಲ್ಲಿ ಹಿಡಿಯೋದು ಏಳೂವರೆ. ಬ್ಯಾಟರಿಯೂ ಮುಗಿದ್ರೆ ತೊಟ್ಟಿ ನೀರನ್ನೇ ಮಗ್ಗಿನಲ್ಲಿ ಎತ್ತಿ ಎತ್ತಿ ಮೇಲಿಂದ ಸುರೀರಿ. ಬೋರ್ ನೀರು ನೇರವಾಗಿ ಬಿಡಬೇಡಿ, ನೆಲದಾಳದ ನೀರಲ್ಲಿ ಆಮ್ಲಜನಕ ಕಡಿಮೆ.

ಬಯೋಫ್ಲಾಕ್ ಮಾಡಿದವರ ಕಥೆ ಬೇರೆ. ಅಲ್ಲಿ ಮೀನಿನ ಜೊತೆ ಬ್ಯಾಕ್ಟೀರಿಯಾನೂ ಉಸಿರಾಡುತ್ತೆ, ಗಾಳಿ ನಿಂತ ಒಂದು ಗಂಟೆಯೊಳಗೇ ಅಪಾಯ. 100 ವ್ಯಾಟ್ ಏರೇಟರ್ ಅನ್ನು 150 ಆಂಪಿಯರ್ ಅವರ್ ಬ್ಯಾಟರಿ ಆರು ಗಂಟೆ ಎಳೆದೀತು. ಅದಕ್ಕಿಂತ ಮುಂದಕ್ಕೆ ಜನರೇಟರ್ ಬೇಕೇ ಬೇಕು, ಅದೂ ಮನೆ ಹೊರಗೆ ಬಯಲಲ್ಲಿ. ಹೊಗೆ ಮುಚ್ಚಿದ ಕೋಣೆಯಲ್ಲಿ ಮನುಷ್ಯರನ್ನೇ ಕೊಲ್ಲುತ್ತೆ.

ಹಳೇ ಸ್ಮಾರ್ಟ್‌ಫೋನ್ ಇದ್ಯಾ? ತೊಟ್ಟಿ ಪಕ್ಕದ ಪ್ಲಗ್ಗಿಗೆ ಚಾರ್ಜ್ ಹಾಕಿ, ಚಾರ್ಜರ್ ಕಳಚಿದ್ರೆ ಕೂಗೋ ಆ್ಯಪ್ ಹಾಕಿಡಿ. ಕರೆಂಟ್ ಹೋದ ತಕ್ಷಣ ಎಬ್ಬಿಸುತ್ತೆ.

ಕರೆಂಟ್ ಬಂದ ಮೇಲೆ ಕೂಡಲೇ ಮೇವು ಹಾಕಬೇಡಿ. ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ರೆ ಒಳಗಿನ ಕೊಳೆತ ನೀರು ಚೆಲ್ಲಿ, ಸ್ಪಂಜನ್ನ ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ, ಆಮೇಲೆ ಆನ್ ಮಾಡಿ.